ರೋಟರ್ ಲಿಫ್ಟ್ ಕೊಡ್ತಿಲ್ಲ, ಸ್ಟ್ಯಾಂಡ್ ನಡುಗ್ತಿದೆ: ಪ್ರಯೋಗದ ರೋಟರನ್ನು ಹಂತ ಹಂತವಾಗಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಸುರತ್ಕಲ್, ಮಣಿಪಾಲ, ಮಂಗಳೂರು ಸುತ್ತಮುತ್ತ ಪ್ರಾಜೆಕ್ಟಿಗೆಂದು ರೋಟರ್ (ಹೆಲಿಕಾಪ್ಟರಿನ ತಲೆಯ ಮೇಲೆ ಸುತ್ತುವ ಬ್ಲೇಡುಗಳ ಜೋಡಣೆ) ಕಟ್ಟುವವರು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಲೆಕ್ಕದಲ್ಲಿ ಬಂದ ಲಿಫ್ಟ್, ಅಂದರೆ ಮೇಲೆತ್ತುವ ಬಲ, ತಕ್ಕಡಿಯಲ್ಲಿ ಬರುವುದಿಲ್ಲ. ಸರಿ ಅಂತ ಸ್ಪೀಡ್ ಏರಿಸುತ್ತಾರೆ, ಆಗ ಸ್ಟ್ಯಾಂಡ್ ನಡುಗುತ್ತದೆ. ನಡುಕ ನಿಲ್ಲಿಸಲು ಅಡಿಗೆ ರಬ್ಬರ್ ಇಡುತ್ತಾರೆ, ಆಗ ತಕ್ಕಡಿಯ ರೀಡಿಂಗೇ ಓಲಾಡುತ್ತದೆ. ಒಂದು ಸೆಮಿಸ್ಟರ್ ಹೀಗೇ ಕಳೆದುಹೋಗುತ್ತದೆ.

ತೊಂದರೆ ಬುದ್ಧಿಯದ್ದಲ್ಲ, ಕ್ರಮದ್ದು. ಲಿಫ್ಟನ್ನೂ ನಡುಕವನ್ನೂ ಒಟ್ಟಿಗೆ ಸರಿಮಾಡಲು ಹೋದರೆ ಎರಡೂ ಕೈಗೆ ಸಿಗುವುದಿಲ್ಲ, ಯಾಕೆಂದರೆ ಒಂದು ಬ್ಲೇಡಿನ ಕೋನವನ್ನು ಸ್ವಲ್ಪ ತಿರುಗಿಸಿದರೂ ಎರಡೂ ಒಟ್ಟಿಗೆ ಬದಲಾಗುತ್ತವೆ. ಮೊದಲು ಸ್ಟ್ಯಾಂಡ್, ಆಮೇಲೆ ಬ್ಯಾಲೆನ್ಸ್, ಆಮೇಲೆ ಟ್ರ್ಯಾಕಿಂಗ್ (ಬ್ಲೇಡುಗಳ ತುದಿ ಒಂದೇ ಮಟ್ಟದಲ್ಲಿ ಸುತ್ತುವ ಹಾಗೆ ಮಾಡುವುದು), ಅದಾದ ಮೇಲೇ ಲಿಫ್ಟ್ ಅಳತೆ. ಈ ಸಾಲನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಉದ್ದಕ್ಕೂ ಒಂದೇ ರೋಟರಿನ ಲೆಕ್ಕ ಹಿಡಿಯುತ್ತೇನೆ. ಎರಡು ಬ್ಲೇಡ್, 1.2 ಮೀಟರ್ ವ್ಯಾಸ, ಬ್ಲೇಡಿನ ಅಗಲ 5 ಸೆಂ.ಮೀ., ನಿಮಿಷಕ್ಕೆ 1200 ಸುತ್ತು. ನಿಮ್ಮದು ಬೇರೆ ಅಳತೆಯದ್ದಾದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಶುರು ಮಾಡುವ ಮೊದಲು ಬೇಕಾದ ಸಾಮಾನು

0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ, ವರ್ನಿಯರ್, ಪಿಚ್ (ಬ್ಲೇಡಿನ ಕೋನ) ಅಳೆಯುವ ಗೇಜ್, ಸುತ್ತು ಎಣಿಸುವ ಟ್ಯಾಕೋಮೀಟರ್, 10 ಕಿಲೋದ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ಮತ್ತು ಅದರ ರೀಡಿಂಗ್ ಓದಲು ಎಚ್‌ಎಕ್ಸ್711 ಬೋರ್ಡ್. ನಡುಕ ಅಳೆಯಲು ಎಡಿಎಕ್ಸ್‌ಎಲ್345ರಂಥ ಆಕ್ಸಿಲರೋಮೀಟರ್. ಇದು ಸೆಕೆಂಡಿಗೆ 3200 ಸಲದವರೆಗೆ ಅಳೆಯುತ್ತದೆ, ನಮಗೆ 1000 ಇದ್ದರೂ ಧಾರಾಳ. ಟ್ರ್ಯಾಕಿಂಗಿಗೆ ಸ್ಲೋ ಮೋಷನ್ ಇರುವ ಫೋನು.

ಫೋನಿನ ಫೈಫಾಕ್ಸ್ ಆ್ಯಪಿನಲ್ಲೂ ನಡುಕದ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ನಡುಕ ಎಂದು ತೋರಿಸುವ ಗ್ರಾಫ್) ನೋಡಬಹುದು. ಆದರೆ ಫೋನಿನ ಸೆನ್ಸರ್ ಸೆಕೆಂಡಿಗೆ 100 ಸಲ ಅಳೆಯುವುದಾದರೆ 50 ಹರ್ಟ್ಸಿನ ಮೇಲಿನದ್ದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಮೋಟಾರಿನ ನಡುಕ ಅಲ್ಲಿ ಸುಳ್ಳು ಫ್ರೀಕ್ವೆನ್ಸಿಯಾಗಿ ಮೂಡುತ್ತದೆ. ಇನ್ನೊಂದು, ದಿನಬಳಕೆಯ ಒಳ್ಳೆಯ ಫೋನನ್ನು ಸ್ಟ್ಯಾಂಡಿಗೆ ಕಟ್ಟಬೇಡಿ. ಜೋರು ನಡುಕಕ್ಕೆ ಕ್ಯಾಮೆರಾದ ಒಳಗಿನ ಸ್ಟೆಬಿಲೈಸರ್ ಹಾಳಾಗಬಹುದು. ಹಳೇ ಫೋನ್ ಇದ್ದರೆ ಅದನ್ನೇ ಕಟ್ಟಿ.

ಹಬ್ (ಬ್ಲೇಡುಗಳು ಕೂರುವ ನಡುಭಾಗ) ಮತ್ತು ಶಾಫ್ಟ್ ಮಾತ್ರ ಕೈಯಲ್ಲಿ ಕೊರೆಯಲು ಹೋಗಬೇಡಿ. ಬೈಕಂಪಾಡಿಯಲ್ಲೋ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲೋ ಒಳ್ಳೆಯ ಲೇತ್ ಇರುವವರ ಹತ್ತಿರ ಮಾಡಿಸಿ, ಒಂದೇ ಸಲ ಚಕ್ಕಿಗೆ ಕಚ್ಚಿಸಿ ಶಾಫ್ಟಿನ ತೂತು, ಹೊರಮೈ ಎರಡನ್ನೂ ಮುಗಿಸಲು ಹೇಳಿ. ಬಿಚ್ಚಿ ಮತ್ತೆ ಕಚ್ಚಿಸಿದರೆ ಸೆಂಟರ್ ತಪ್ಪುತ್ತದೆ.

## ಹಂತ 1: ಕಾಗದದ ಮೇಲೆ ಲೆಕ್ಕ, ನಮ್ಮೂರಿನ ಗಾಳಿಗೆ

ಲಿಫ್ಟ್ ಅಂದರೆ ಗಾಳಿಯ ಸಾಂದ್ರತೆ, ರೋಟರ್ ಸುತ್ತುವ ತಟ್ಟೆಯ ವಿಸ್ತೀರ್ಣ, ಬ್ಲೇಡ್ ತುದಿಯ ವೇಗದ ವರ್ಗ, ಇವುಗಳ ಗುಣಲಬ್ಧಕ್ಕೆ ಒಂದು ಗುಣಾಂಕ. ನಮ್ಮ ರೋಟರಿನ ತುದಿಯ ವೇಗ ಸೆಕೆಂಡಿಗೆ 75 ಮೀಟರ್. ಬ್ಲೇಡ್‌ಗಳು ತಟ್ಟೆಯ 5.3 ಶೇಕಡಾ ಜಾಗ ತುಂಬುತ್ತವೆ. ಬ್ಲೇಡಿನ ಮೇಲೆ ಮಿತವಾದ ಹೊರೆ ಹಾಕಿದರೆ ಗುಣಾಂಕ 0.0042 ಆಸುಪಾಸು, ಅದಕ್ಕೆ ಪಿಚ್ 8ರಿಂದ 9 ಡಿಗ್ರಿ ಬೇಕು.

ಹೆಚ್ಚಿನವರು ಎಡವುವುದು ಸಾಂದ್ರತೆಯಲ್ಲಿ. ಪುಸ್ತಕದ 1.225 (ಘನ ಮೀಟರಿಗೆ ಕಿಲೋ) ಹಾಕುತ್ತಾರೆ. ಅದು 15 ಡಿಗ್ರಿ ಸೆಲ್ಸಿಯಸ್‌ನ ಒಣಗಾಳಿಯದ್ದು. 32 ಡಿಗ್ರಿ ಸೆಕೆ, ಅದರ ಮೇಲೆ ಕರಾವಳಿಯ ತೇವ ಇರುವಾಗ ಅದು 1.14ರ ಹತ್ತಿರ. ನೀರಾವಿ ಒಣಗಾಳಿಗಿಂತ ಹಗುರ, ಹಾಗಾಗಿ ತೇವ ಜಾಸ್ತಿಯಾದಷ್ಟೂ ಗಾಳಿ ತೆಳುವಾಗುತ್ತದೆ. ಪುಸ್ತಕದ ಲೆಕ್ಕ 3.4 ಕಿಲೋ ಅಂದರೆ ಇಲ್ಲಿ ಸಿಗುವುದು ಸುಮಾರು 3.2 ಕಿಲೋ. ಈ 7 ಶೇಕಡಾ ಕೊರತೆಗೆ ಬ್ಲೇಡನ್ನು ದೂರಿ ಏನೂ ಪ್ರಯೋಜನ ಇಲ್ಲ.

ಇನ್ನೂ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಅಷ್ಟು ಲಿಫ್ಟಿಗೆ ರೋಟರ್ ಮೂಲಕ ಇಳಿಯುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 3.5 ಮೀಟರ್. ಆದರ್ಶ ಪವರ್ 108 ವ್ಯಾಟ್, ಆದರೆ ಈ ಸೈಜಿನ ರೋಟರ್ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ದಕ್ಷ, ಆದ್ದರಿಂದ ಶಾಫ್ಟಿನಲ್ಲಿ 200 ವ್ಯಾಟ್ ಬೇಕೆಂದು ಇಟ್ಟುಕೊಳ್ಳಿ. ದೊಡ್ಡ ಹೆಲಿಕಾಪ್ಟರುಗಳ ದಕ್ಷತೆಯ ಅಂಕಿಯನ್ನು ತಂದು ಇಲ್ಲಿ ಹಾಕಿದರೆ ನೀವು ತರುವ ಮೋಟಾರ್ ಸಾಲದೆ ಸುಟ್ಟು ಹೋಗುತ್ತದೆ.

## ಹಂತ 2: ಜಾಗ, ಹೊತ್ತು, ತಡೆಗೋಡೆ

ಈಗ ಹೇಳಿದ 3.5 ಮೀಟರ್ ನೆನಪಿಡಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ಅದೇ ಸೆಕೆಂಡಿಗೆ ನಾಲ್ಕೈದು ಮೀಟರ್ ಬೀಸುತ್ತದೆ. ಅಂದರೆ ನೀವು ಅಳೆಯಲು ಹೊರಟ ಗಾಳಿಗಿಂತ ಪಕ್ಕದಿಂದ ಬರುವ ಗಾಳಿಯೇ ಜೋರು. ಅಡ್ಡಗಾಳಿಯಲ್ಲಿ ರೋಟರಿಗೆ ಹೊಸ ಗಾಳಿ ಜಾಸ್ತಿ ಸಿಗುತ್ತದೆ, ಲಿಫ್ಟ್ ಏರುತ್ತದೆ. ಜೊತೆಗೆ ಗಾಳಿಗೆ ಎದುರಾಗಿ ಹೋಗುವ ಬ್ಲೇಡಿಗೆ ಒಂದು ಬಲ, ಹಿಂದಕ್ಕೆ ಹೋಗುವ ಬ್ಲೇಡಿಗೆ ಇನ್ನೊಂದು ಬಲ ಆಗಿ ನಡುಕವೂ ಬರುತ್ತದೆ. ಎರಡೂ ರೋಟರಿನ ಗುಣ ಅಲ್ಲ. ಆದ್ದರಿಂದ ಬೆಳಗ್ಗೆ ಬೇಗ, ಕಡಲಗಾಳಿ ಏಳುವ ಮೊದಲೇ ಟೆಸ್ಟ್ ಮುಗಿಸಿ. ಒಂದು ಕೋಲಿಗೆ ನೂಲು ಕಟ್ಟಿ ರೋಟರಿನ ಎತ್ತರದಲ್ಲಿ ನಿಲ್ಲಿಸಿ. ನೂಲು ನೆಟ್ಟಗೆ ಇಳಿಬಿದ್ದಿದ್ದರೆ ಮಾತ್ರ ರೀಡಿಂಗ್ ಬರೆದುಕೊಳ್ಳಿ.

ಮಳೆಗಾಲದಲ್ಲಿ ಒಳಗೇ ಮಾಡಬೇಕಾಗುತ್ತದೆ. ಸಣ್ಣ ಕೋಣೆ ಬೇಡ. ಕೆಳಗೆ ತಳ್ಳಿದ ಗಾಳಿ ಗೋಡೆ ಹತ್ತಿ ತಿರುಗಿ ಮೇಲಿನಿಂದ ರೋಟರಿಗೇ ಬರುತ್ತದೆ, ಲಿಫ್ಟ್ ಇಳಿಯುತ್ತದೆ, ಏರಿಳಿತವೂ ಶುರುವಾಗುತ್ತದೆ. ಕಾಲೇಜಿನ ಆಡಿಟೋರಿಯಂ ಅಥವಾ ಎತ್ತರದ ಶೆಡ್ ಕೇಳಿ ನೋಡಿ.

ತಡೆಗೋಡೆ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. 120 ಗ್ರಾಂ ತೂಕದ ಒಂದು ಬ್ಲೇಡ್ 1200 ಸುತ್ತಿನಲ್ಲಿ ಹಬ್ಬನ್ನು ಎಳೆಯುವುದು ಸುಮಾರು 62 ಕಿಲೋ ಬಲದಲ್ಲಿ. ಅದು ಕಿತ್ತು ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ತುದಿ ಗಂಟೆಗೆ 270 ಕಿ.ಮೀ. ವೇಗದಲ್ಲಿರುತ್ತದೆ. ಕೆಂಪುಕಲ್ಲು ಪೇರಿಸಿ ಒಳಮೈಗೆ ಮರಳುಚೀಲ ಒರಗಿಸಿದರೆ ನಮ್ಮ ಕಡೆ ಸುಲಭಕ್ಕೆ ಸಿಗುವ ಒಳ್ಳೆಯ ತಡೆ ಆಗುತ್ತದೆ. ರೋಟರ್ ಸುತ್ತುವ ಮಟ್ಟದಲ್ಲಿ ಯಾರ ತಲೆಯೂ ಇರಬಾರದು. ಮೋಟಾರಿನ ಕರೆಂಟ್ ಕಡಿಯುವ ಸ್ವಿಚ್ ಗೋಡೆಯ ಹಿಂದೆ, ರಿಮೋಟಿಗೆ ಸಂಬಂಧವೇ ಇಲ್ಲದ ಬೇರೆ ತಂತಿಯಲ್ಲಿ ಇರಲಿ.

## ಹಂತ 3: ಸ್ಟ್ಯಾಂಡ್ ಕಟ್ಟಿ, ತಟ್ಟಿ ನೋಡಿ

ಎತ್ತರ ಮೊದಲು. ಹಬ್ ನೆಲದಿಂದ ಕನಿಷ್ಠ ಒಂದು ವ್ಯಾಸದಷ್ಟು, ಅಂದರೆ 1.2 ಮೀಟರ್ ಮೇಲಿರಬೇಕು. 30 ಸೆಂ.ಮೀ. ಎತ್ತರದಲ್ಲಿ ಇಟ್ಟರೆ ನೆಲದ ಪ್ರಭಾವದಿಂದ ಲಿಫ್ಟ್ ಮೂರನೇ ಒಂದರಷ್ಟು ಜಾಸ್ತಿ ತೋರಿಸುತ್ತದೆ. 60 ಸೆಂ.ಮೀ.ಗೆ ಸುಮಾರು 7 ಶೇಕಡಾ, 1.2 ಮೀಟರಿಗೆ 2 ಶೇಕಡಾಕ್ಕಿಂತ ಕಡಿಮೆ. ಮೇಜಿನ ಮೇಲೆ ಇಟ್ಟು ಅಳೆದು ಖುಷಿಪಟ್ಟವರ ಗಾಡಿ (ರೋಟರ್ ಕೂರಿಸಿ ಹಾರಿಸುವ ಯಂತ್ರ) ಆಮೇಲೆ ಮೊಣಕಾಲೆತ್ತರ ದಾಟದೇ ಇರುವುದಕ್ಕೆ ಇದೇ ಕಾರಣ. ಮೇಜೂ ಒಂದು ನೆಲವೇ.

ರೋಟರನ್ನು ತಲೆಕೆಳಗಾಗಿ ಕೂರಿಸಿ, ಗಾಳಿ ಮೇಲಕ್ಕೆ ಹೋಗುವ ಹಾಗೆ. ಆಗ ಬಲ ಲೋಡ್ ಸೆಲ್ಲನ್ನು ಕೆಳಕ್ಕೆ ಒತ್ತುತ್ತದೆ, ಸ್ಟ್ಯಾಂಡಿನ ಪ್ಲೇಟು, ಬ್ಯಾಟರಿ ಯಾವುದೂ ರೋಟರ್ ತಳ್ಳುವ ಗಾಳಿಗೆ ಅಡ್ಡ ಬರುವುದಿಲ್ಲ. ಕಂಬ ಮಾತ್ರ ಸಪೂರ ಇರಲಿ.

ಈಗ ಮುಖ್ಯ ಕೆಲಸ. 1200 ಸುತ್ತು ಅಂದರೆ ಸೆಕೆಂಡಿಗೆ 20 ಸುತ್ತು, 20 ಹರ್ಟ್ಸ್. ಎರಡು ಬ್ಲೇಡ್ ಇರುವುದರಿಂದ ಅದರ ದುಪ್ಪಟ್ಟು 40 ಹರ್ಟ್ಸಿನಲ್ಲೂ ಬಡಿತ ಇರುತ್ತದೆ. ಸ್ಟ್ಯಾಂಡಿನ ಸ್ವಂತ ಫ್ರೀಕ್ವೆನ್ಸಿ (ತಟ್ಟಿದಾಗ ಅದು ತಾನಾಗಿ ನಡುಗುವ ಫ್ರೀಕ್ವೆನ್ಸಿ) ಈ ಎರಡರ ಹತ್ತಿರ ಬಂತೋ, ನೀವು ಎಷ್ಟೇ ಚೆನ್ನಾಗಿ ಬ್ಯಾಲೆನ್ಸ್ ಮಾಡಿ, ಸ್ಟ್ಯಾಂಡ್ ಕುಣಿಯುತ್ತದೆ. ತೆಂಗಿನಕಾಯಿ ಆರಿಸುವಾಗ ತಟ್ಟಿ ಸದ್ದು ಕೇಳುವ ಹಾಗೆ ಇದನ್ನೂ ತಟ್ಟಿಯೇ ತಿಳಿಯಬೇಕು. ಹಬ್ಬಿನ ಹತ್ತಿರ ಆಕ್ಸಿಲರೋಮೀಟರ್ ಅಂಟಿಸಿ, ರಬ್ಬರ್ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಸ್ಪೆಕ್ಟ್ರಮ್ ನೋಡಿ. ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ, ಮೂರೂ ದಿಕ್ಕಿನಲ್ಲಿ ಬೇರೆ ಬೇರೆ ತಟ್ಟಿ. ತಟ್ಟುವಾಗ ಬ್ಲೇಡಿನಷ್ಟೇ ತೂಕದ ಏನನ್ನಾದರೂ ಹಬ್ಬಿಗೆ ಕಟ್ಟಿರಬೇಕು, ಬರಿ ಕಂಬ ತಟ್ಟಿದರೆ ಫ್ರೀಕ್ವೆನ್ಸಿ ನಿಜಕ್ಕಿಂತ ಮೇಲೆ ತೋರುತ್ತದೆ.

ಕಾಣುವ ಶಿಖರಗಳು 20 ಮತ್ತು 40ರಿಂದ ಎರಡೂ ಕಡೆ ಕನಿಷ್ಠ 20 ಶೇಕಡಾ ದೂರ ಇರಲಿ. 16ರಿಂದ 24ರ ಒಳಗೋ, 32ರಿಂದ 48ರ ಒಳಗೋ ಬಿದ್ದರೆ ಕಂಬಕ್ಕೆ ಓರೆಯಾಗಿ ಪೈಪ್ ಬೆಸೆದು ಬಿಗಿಮಾಡಿ, ಇಲ್ಲವೇ ಬುಡಕ್ಕೆ ತೂಕ ಹೇರಿ ಮತ್ತೆ ತಟ್ಟಿ. 16ಕ್ಕಿಂತ ಕೆಳಗೆ ಒಂದು ಶಿಖರ ಇದ್ದರೆ ಪರವಾಗಿಲ್ಲ, ಆದರೆ ಸ್ಪೀಡ್ ಏರಿಸುವಾಗ ಆ ಜಾಗದಲ್ಲಿ ನಿಲ್ಲಬೇಡಿ, ಬೇಗ ದಾಟಿಸಿ.

ಸಾಮಾನ್ಯ ತಪ್ಪು: ಸ್ಟ್ಯಾಂಡಿನ ಅಡಿಗೆ ರಬ್ಬರ್ ಹಾಳೆ. ಅದು ಸ್ವಂತ ಫ್ರೀಕ್ವೆನ್ಸಿಯನ್ನು ಕೆಳಗೆ ಎಳೆದು ನೇರ 20ರ ಬಾಯಿಗೆ ತಂದು ನಿಲ್ಲಿಸಬಹುದು. ನೆಲಕ್ಕೆ ಬೋಲ್ಟ್ ಹಾಕಿ.

## ಹಂತ 4: ಬ್ಲೇಡ್ ಇಲ್ಲದೆ ಓಡಿಸಿ

ಈ ಹಂತ ಚಿಕ್ಕದು, ಬಿಟ್ಟುಬಿಡುವವರೇ ಜಾಸ್ತಿ. ಬ್ಲೇಡ್ ಬಿಚ್ಚಿ, ಹಬ್ ಮಾತ್ರ 1200ಕ್ಕೆ ತಿರುಗಿಸಿ ಸ್ಪೆಕ್ಟ್ರಮ್ ಬರೆದಿಟ್ಟುಕೊಳ್ಳಿ. ಈಗಲೇ 20 ಹರ್ಟ್ಸ್ ಕಂಡರೆ ಶಾಫ್ಟ್ ಬಗ್ಗಿದೆ ಅಥವಾ ಹಬ್ಬಿನ ಸೆಂಟರ್ ತಪ್ಪಿದೆ. ಗೇರ್ 8ಕ್ಕೆ 1 ಇದ್ದರೆ ಮೋಟಾರ್ 9600 ಸುತ್ತುತ್ತದೆ, ಅದರ ನಡುಕ 160 ಹರ್ಟ್ಸಿನಲ್ಲಿ ಬರುತ್ತದೆ. ಸುತ್ತಿನ ಪೂರ್ಣ ಗುಣಕವಲ್ಲದ ಕಡೆ ಮೇಲಿನ ಫ್ರೀಕ್ವೆನ್ಸಿಯಲ್ಲಿ ಮುಳ್ಳುಮುಳ್ಳಾಗಿ ಕಂಡರೆ ಬೇರಿಂಗ್ ನೋಡಿ. ಕಡಲತೀರದ ಉಪ್ಪುಗಾಳಿಗೆ ತೆರೆದ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ತನ್ನಿ.

## ಹಂತ 5: ಬ್ಲೇಡ್ ಬ್ಯಾಲೆನ್ಸ್, ಅವಸರ ಬೇಡವೇ ಬೇಡ

ಒಂದು ಬ್ಲೇಡಿನ ತುದಿಯಲ್ಲಿ ಬರೀ 1 ಗ್ರಾಂ ಜಾಸ್ತಿ ಇದ್ದರೆ 1200 ಸುತ್ತಿನಲ್ಲಿ ಅದು ಹಬ್ಬನ್ನು ಸುಮಾರು 9.5 ನ್ಯೂಟನ್, ಹತ್ತಿರ ಹತ್ತಿರ 1 ಕಿಲೋ ಬಲದಿಂದ ಎಳೆಯುತ್ತದೆ. ಆ ಎಳೆತದ ದಿಕ್ಕು ಸೆಕೆಂಡಿಗೆ 20 ಸಲ ಸುತ್ತು ಹಾಕುತ್ತದೆ. ಬ್ಯಾಲೆನ್ಸ್ ಮಾಡುವಾಗ ಗ್ರಾಂ ಅಲ್ಲ, ಗ್ರಾಮಿನ ಹತ್ತನೇ ಒಂದು ಪಾಲು ಲೆಕ್ಕಕ್ಕೆ ಬರುವುದು ಇದಕ್ಕೇ.

ಬ್ಲೇಡ್ ಹಾಕುವ ಮೊದಲು ಬುಡವನ್ನು ಎಳೆದು ಪರೀಕ್ಷಿಸಿ. 62 ಕಿಲೋ ಎಳೆತಕ್ಕೆ ಕನಿಷ್ಠ ಎರಡು ಪಟ್ಟು ತಡೆಯಬೇಕು. ಬೋಲ್ಟಿನ ತೂತಿನಿಂದ ತೂಗುಹಾಕಿ, ಇನ್ನೊಂದು ತುದಿಯನ್ನು ಅಗಲದ ಹಿಡಿಕೆಯಲ್ಲಿ ಕಚ್ಚಿಸಿ 50 ಕಿಲೋದ ಎರಡು ಅಕ್ಕಿಮೂಟೆ, 25ರದ್ದು ಇನ್ನೊಂದು, ನೆಲದಿಂದ ಒಂದು ಗೇಣು ಮೇಲೆ ಮಾತ್ರ ನೇತಾಡುವ ಹಾಗೆ. ಆಮೇಲೆ ತೂತಿನ ಸುತ್ತ ಬೆಳಕು ಹಿಡಿದು ನೋಡಿ. ಕೂದಲೆಳೆಯ ಬಿರುಕು, ಅಂಟು ಬಿಟ್ಟು ಬೆಳ್ಳಗಾದ ಗೆರೆ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದು, ಯಾವುದು ಕಂಡರೂ ಆ ಬ್ಲೇಡ್ ಕೆಲಸಕ್ಕಿಲ್ಲ.

ಇನ್ನು ತೂಕ. ತುಂಬಾ ಜನ ಎರಡೂ ಬ್ಲೇಡನ್ನು ತಕ್ಕಡಿಗಿಟ್ಟು, ಹಗುರ ಇದ್ದದ್ದರ ತುದಿಗೆ ಟೇಪ್ ಸುತ್ತಿ ಸಮ ಮಾಡುತ್ತಾರೆ. ಅದು ತಪ್ಪು, ಹೇಗೆ ಅಂತ ಒಂದು ಜೋಡಿ ಬ್ಲೇಡಿನಲ್ಲಿ ನೋಡೋಣ. ಬ್ಲೇಡ್ 'ಅ' 121.4 ಗ್ರಾಂ, ಅದರ ಭಾರಕೇಂದ್ರ ಶಾಫ್ಟಿನಿಂದ 318 ಮಿ.ಮೀ. ಬ್ಲೇಡ್ 'ಆ' 120.2 ಗ್ರಾಂ, ಭಾರಕೇಂದ್ರ 320 ಮಿ.ಮೀ. ತೂಕವನ್ನು ದೂರದಿಂದ ಗುಣಿಸಿ. 38605 ಮತ್ತು 38464. ವ್ಯತ್ಯಾಸ 141 ಮಾತ್ರ, ಎಳೆತ 2.2 ನ್ಯೂಟನ್. ಈಗ 'ಆ' ಹಗುರ ಅಂತ ಅದರ ತುದಿಗೆ 1.2 ಗ್ರಾಂ ಟೇಪ್ ಸುತ್ತಿದರೆ 720 ಸೇರುತ್ತದೆ. ವ್ಯತ್ಯಾಸ ಉಲ್ಟಾ ದಿಕ್ಕಿಗೆ ತಿರುಗಿ 579 ಆಗುತ್ತದೆ, ಎಳೆತ 9 ನ್ಯೂಟನ್ ದಾಟುತ್ತದೆ. ತೂಕ ಸಮ ಆಯಿತು, ನಡುಕ ನಾಲ್ಕು ಪಟ್ಟಾಯಿತು!

ಸರಿಯಾದ ಕ್ರಮ ಇದು. ಮೊದಲು ಭಾರಕೇಂದ್ರ ಸಮ ಮಾಡಿ, ಆಮೇಲೆ ತೂಕ. ಬ್ಲೇಡನ್ನು ಪೆನ್ಸಿಲ್ ಮೇಲೆ ಅಡ್ಡ ಇಟ್ಟು ತೂಗಿ ಭಾರಕೇಂದ್ರ ಗುರುತು ಮಾಡಿ, ಎರಡು ಮೂರು ಸಲ ಮಾಡಿ ಒಂದೇ ಜಾಗ ಬರುತ್ತದೆಯೇ ನೋಡಿ. ಮೇಲಿನ ಜೋಡಿಯಲ್ಲಿ 'ಆ'ದ ಭಾರಕೇಂದ್ರವನ್ನು 2 ಮಿ.ಮೀ. ಒಳಕ್ಕೆ ತರಬೇಕು. ಶಾಫ್ಟಿನಿಂದ 150 ಮಿ.ಮೀ. ದೂರದಲ್ಲಿ, ಬುಡದ ಕಡೆ, 1.43 ಗ್ರಾಂ ಟೇಪ್ ಸುತ್ತಿದರೆ ಅದು 318ಕ್ಕೆ ಬರುತ್ತದೆ. ಈಗ 'ಆ' 121.63 ಗ್ರಾಂ ಆಗಿದೆ. 'ಅ'ಗೆ ಅದರ ಭಾರಕೇಂದ್ರದ ಮೇಲೆಯೇ 0.23 ಗ್ರಾಂ ಸುತ್ತಿ. ಮುಗಿಯಿತು. ಭಾರಕೇಂದ್ರದ ಮೇಲೆ ಹಾಕಿದ ತೂಕ ಭಾರಕೇಂದ್ರವನ್ನು ಕದಲಿಸುವುದಿಲ್ಲ, ಎರಡನೇ ಕೆಲಸ ಮೊದಲನೆಯದನ್ನು ಕೆಡಿಸುವುದಿಲ್ಲ. ಕ್ರಮ ತಿರುಗಿಸಿದರೆ ಈ ಅನುಕೂಲ ಇಲ್ಲ.

ಉದ್ದಕ್ಕೆ ಆಯಿತು, ಅಗಲಕ್ಕೂ ನೋಡಿ. ಬ್ಲೇಡಿನ ಮುಂದಿನ ಅಂಚಿನಿಂದ ಭಾರಕೇಂದ್ರ ಅಗಲದ 25 ಶೇಕಡಾ ಒಳಗಿರಬೇಕು, ನಮ್ಮ 5 ಸೆಂ.ಮೀ. ಬ್ಲೇಡಿಗೆ 12.5 ಮಿ.ಮೀ. ಒಂದೇ ಮರದ ತುಂಡಿನಿಂದ ಕೆತ್ತಿದ ಬ್ಲೇಡಿನಲ್ಲಿ ಇದು ಸಹಜವಾಗಿಯೇ 40 ಶೇಕಡಾದ ಆಸುಪಾಸು ಇರುತ್ತದೆ. ಮುಂದಿನ ಅಂಚಿನ ಒಳಗೆ ಹಿತ್ತಾಳೆಯಂಥ ಭಾರದ ತಂತಿ ಕೂರಿಸದೆ ಬೇರೆ ದಾರಿ ಇಲ್ಲ. ಭಾರಕೇಂದ್ರ ಹಿಂದಿದ್ದರೆ ಬ್ಲೇಡ್ ಮೇಲೆದ್ದಾಗ ಮೂತಿಯೂ ಮೇಲಕ್ಕೆ ತಿರುಚುತ್ತದೆ, ಅದರಿಂದ ಇನ್ನೂ ಮೇಲೇಳುತ್ತದೆ, ಕೊನೆಗೆ ಫ್ಲಟರ್ (ತಾನಾಗಿ ಬೆಳೆಯುತ್ತಾ ಹೋಗುವ ಬ್ಲೇಡಿನ ಬಡಿತ) ಬಂದು ಸೆಕೆಂಡುಗಳಲ್ಲಿ ಮುರಿಯುತ್ತದೆ. ಹಾಗಾಗಿ ಬ್ಯಾಲೆನ್ಸಿಗೆ ಅಂಟಿಸುವ ಟೇಪ್ ಕೂಡ ಮುಂದಿನ ಅಂಚಿನ ಕಡೆಗೇ ಇರಲಿ, ಹಿಂದಿನ ಅಂಚಿಗೆ ಬೇಡ.

ಮರದ ಬ್ಲೇಡ್ ಮಾಡುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ತೇವ ಕುಡಿಯುತ್ತದೆ, ಎರಡು ಬ್ಲೇಡ್ ಸಮನಾಗಿ ಕುಡಿಯುವುದಿಲ್ಲ. ಹೋದ ವಾರ ಸಮ ಇದ್ದದ್ದು ಈ ವಾರ ಇರುವುದಿಲ್ಲ. ಬುಡ, ತುದಿ, ಬೋಲ್ಟಿನ ತೂತಿನ ಒಳಗೆ ಸಹ ಪಾಲಿಯುರೇಥೇನ್ ವಾರ್ನಿಷ್ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಟೆಸ್ಟಿನ ದಿನ ಬೆಳಗ್ಗೆ ಮತ್ತೆ ತೂಗಿ.

ಕೊನೆಯದಾಗಿ, ಎರಡೂ ಬ್ಲೇಡ್ ಹಬ್ಬಿಗೆ ಹಾಕಿದ ಮೇಲೆ ಈ ತುದಿಯಿಂದ ಆ ತುದಿಗೆ ನೂಲು ಎಳೆಯಿರಿ. ಶಾಫ್ಟಿನ ನಡುವಿನಲ್ಲೇ ಹಾದು ಹೋಗಬೇಕು. ಒಂದು ಬ್ಲೇಡಿನ ತುದಿ 5 ಮಿ.ಮೀ. ಹಿಂದೆ ಸರಿದಿದ್ದರೂ ಅರ್ಧ ಕಿಲೋದಷ್ಟು ಅಡ್ಡ ಎಳೆತ ಬರುತ್ತದೆ, ಇದನ್ನು ಬ್ಲೇಡಿನ ಉದ್ದಕ್ಕೆ ಎಷ್ಟು ಟೇಪ್ ಸುತ್ತಿದರೂ ಸರಿಮಾಡಲು ಬರುವುದಿಲ್ಲ. ಟೇಪ್ ಹಾಕಿ ಹಾಕಿ ಸುಸ್ತಾದವರು ಈ ನೂಲನ್ನು ಒಮ್ಮೆ ಎಳೆದು ನೋಡಿ ಮಾರಾಯ್ರೆ.

## ಹಂತ 6: ಟ್ರ್ಯಾಕಿಂಗ್

ಎರಡು ಬ್ಲೇಡಿನ ತುದಿಯೂ ಒಂದೇ ಮಟ್ಟದಲ್ಲಿ ಸುತ್ತಬೇಕು. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಟೇಪ್ ಹಚ್ಚಿ. ಟೇಪಿನ ತೂಕ ಸಮ ಇರಲಿ, ಇಲ್ಲದಿದ್ದರೆ ಹಿಂದಿನ ಕೆಲಸ ಹಾಳು. ಫೋನನ್ನು ರೋಟರಿನ ಮಟ್ಟದಲ್ಲಿ ಮರಳುಚೀಲದ ಸಂದಿಯಲ್ಲಿಟ್ಟು, ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಹಾಕಿ ನೀವು ದೂರ ಬನ್ನಿ. ಒಂದೊಂದು ಸುತ್ತಿಗೂ 12 ಚಿತ್ರ ಸಿಗುತ್ತದೆ, ಯಾವ ಬಣ್ಣ ಕೆಳಗಿದೆ ಅಂತ ಸ್ಪಷ್ಟ ಕಾಣುತ್ತದೆ. ಬಿಸಿಲು ಚೆನ್ನಾಗಿರಲಿ, ಬೆಳಕು ಕಡಿಮೆಯಾದರೆ ತುದಿ ಮಸುಕಾಗುತ್ತದೆ.

300, 600, 900, 1200 ಹೀಗೆ ಏರಿಸಿ, ಪ್ರತಿ ಸ್ಪೀಡಿನಲ್ಲೂ ನೋಡಿ. ರೋಟರ್ ತಲೆಕೆಳಗಾಗಿ ಕೂತಿರುವುದರಿಂದ ಜಾಸ್ತಿ ಲಿಫ್ಟ್ ಕೊಡುವ ಬ್ಲೇಡೇ ಕೆಳಗೆ ಬರುತ್ತದೆ. ಎಲ್ಲ ಸ್ಪೀಡಿನಲ್ಲೂ ಒಂದೇ ಬಣ್ಣ ಕೆಳಗಿದ್ದರೆ ಆ ಬ್ಲೇಡಿನ ಪಿಚ್ ಲಿಂಕನ್ನು (ಕೋನ ಹೊಂದಿಸುವ ಕಡ್ಡಿ) ಪಿಚ್ ಕಮ್ಮಿಯಾಗುವ ಕಡೆಗೆ ಅರ್ಧ ಸುತ್ತು ತಿರುಗಿಸಿ, ಮತ್ತೆ ನೋಡಿ. ಕಡಿಮೆ ಸ್ಪೀಡಿನಲ್ಲಿ ಸಮ ಇದ್ದು ಜಾಸ್ತಿ ಸ್ಪೀಡಿನಲ್ಲಿ ಬೇರೆಯಾಗುತ್ತಿದ್ದರೆ ಒಂದು ಬ್ಲೇಡ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಆಗ ಲಿಂಕ್ ಮುಟ್ಟಬೇಡಿ. ಬ್ಲೇಡಿನ ಗಡಸು, ಅಗಲದ ಭಾರಕೇಂದ್ರ ಎರಡನ್ನೂ ಮತ್ತೆ ಪರೀಕ್ಷಿಸಿ.

## ಹಂತ 7: ಈಗ ಲಿಫ್ಟ್ ಅಳೆಯಿರಿ

ಎಚ್‌ಎಕ್ಸ್711 ಸಾಮಾನ್ಯವಾಗಿ ಸೆಕೆಂಡಿಗೆ 10 ರೀಡಿಂಗ್ ಕೊಡುತ್ತದೆ. ಸರಾಸರಿ ಲಿಫ್ಟಿಗೆ ಅದು ಸಾಕು, ನಡುಕವನ್ನು ಅದರಲ್ಲಿ ಹುಡುಕಬೇಡಿ. ಪ್ರತಿ ಸ್ಪೀಡಿನಲ್ಲಿ ಅರ್ಧ ನಿಮಿಷ ನಿಲ್ಲಿಸಿ ಸರಾಸರಿ ತೆಗೆಯಿರಿ, ಮೋಟಾರ್ ನಿಲ್ಲಿಸಿದ ಮೇಲೆ ಸೊನ್ನೆಗೆ ವಾಪಸ್ ಬರುತ್ತದೆಯೇ ನೋಡಿ. ಬರದಿದ್ದರೆ ಎಲ್ಲೋ ತಂತಿ ಎಳೆಯುತ್ತಿದೆ ಅಥವಾ ಜಾರುವ ಭಾಗ ಹಿಡಿಯುತ್ತಿದೆ.

ಲಿಫ್ಟ್ ಸ್ಪೀಡಿನ ವರ್ಗದಂತೆ ಏರಬೇಕು. 600ರಲ್ಲಿ 0.8 ಕಿಲೋ, 900ರಲ್ಲಿ 1.8, 1200ರಲ್ಲಿ 3.2. ಲಿಫ್ಟನ್ನು ಸ್ಪೀಡಿನ ವರ್ಗದಿಂದ ಭಾಗಿಸಿ ಒಂದು ಕಾಲಂ ಬರೆಯಿರಿ. ಇಡೀ ಟೆಸ್ಟಿನಲ್ಲಿ ಅತಿ ಹೆಚ್ಚು ಮಾತಾಡುವ ಕಾಲಂ ಅದು. ಹೆಚ್ಚುಕಮ್ಮಿ ಒಂದೇ ಅಂಕಿ ಇದ್ದರೆ ರೋಟರ್ ಸರಿ ಇದೆ. ಸ್ಪೀಡ್ ಏರಿದಂತೆ ಇಳಿಯುತ್ತಾ ಹೋದರೆ ಬ್ಲೇಡ್ ಮೂತಿ ಕೆಳಗೆ ತಿರುಚುತ್ತಿದೆ ಅಥವಾ ಗಾಳಿ ತಿರುಗಿ ಬರುತ್ತಿದೆ. ಏರುತ್ತಾ ಹೋದರೆ ಖುಷಿಪಡಬೇಡಿ, ನಿಲ್ಲಿಸಿ. ಮೂತಿ ಮೇಲಕ್ಕೆ ತಿರುಚುತ್ತಿದೆ, ಫ್ಲಟರಿನ ದಾರಿ ಅದು.

ಆಮೇಲೆ ಸ್ಪೀಡ್ ಹಿಡಿದಿಟ್ಟು ಪಿಚ್ ಒಂದೊಂದೇ ಡಿಗ್ರಿ ಏರಿಸಿ. ಲಿಫ್ಟ್ ಏರುವುದು ನಿಂತು ಮೋಟಾರಿನ ಆಂಪಿಯರ್ ಮಾತ್ರ ಏರುತ್ತಿದ್ದರೆ ಬ್ಲೇಡ್ ಸ್ಟಾಲ್ ಆಗಿದೆ, ಅಂದರೆ ಗಾಳಿ ಬ್ಲೇಡಿನ ಮೈ ಬಿಟ್ಟು ಹೋಗುತ್ತಿದೆ. ಅದಕ್ಕಿಂತ ಎರಡು ಡಿಗ್ರಿ ಕೆಳಗೆ ನಿಮ್ಮ ಮಿತಿ. ಲಿಫ್ಟ್ ಸಾಲದಿದ್ದರೆ ಪಿಚ್ ಏರಿಸುವುದಕ್ಕಿಂತ ಅಗಲದ ಬ್ಲೇಡ್ ಅಥವಾ ದೊಡ್ಡ ವ್ಯಾಸ ಒಳ್ಳೆಯದು. ಸ್ಪೀಡ್ ಏರಿಸುವುದು ಕೊನೆಯ ಆಯ್ಕೆ, ಎಳೆತವೂ ನಡುಕದ ಬಲವೂ ವರ್ಗದಂತೆಯೇ ಏರುತ್ತವಲ್ಲ.

## ಹಂತ 8: ಉಳಿದ ನಡುಕವನ್ನು ಓದುವುದು

20 ಹರ್ಟ್ಸ್, ಅಡ್ಡ ದಿಕ್ಕಿನಲ್ಲಿ ಬಂದರೆ ತೂಕದ ಬ್ಯಾಲೆನ್ಸ್ ತಪ್ಪಿದೆ. 20 ಹರ್ಟ್ಸ್, ಮೇಲೆ-ಕೆಳಗೆ ಬಂದರೆ ಟ್ರ್ಯಾಕಿಂಗ್. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ, ಅದಕ್ಕೇ ಆಕ್ಸಿಲರೋಮೀಟರಿನ ಮೂರೂ ಅಕ್ಷ ಬೇರೆ ಬೇರೆ ನೋಡಿ.

40 ಹರ್ಟ್ಸ್ ಎರಡು ಬ್ಲೇಡಿನ ರೋಟರಿಗೆ ಪೂರ್ತಿ ಹೋಗುವುದಿಲ್ಲ. ಗಾಳಿ ಇಲ್ಲದ ಬೆಳಗ್ಗೆಯೂ ಅದು ದೊಡ್ಡದಿದ್ದರೆ ಬ್ಲೇಡ್ ಹಾದುಹೋಗುವ ದಾರಿಯ ಹತ್ತಿರ ಗೋಡೆ, ಅಡ್ಡಪಟ್ಟಿ, ಮರಳುಚೀಲ ಏನಾದರೂ ಉಂಟಾ ನೋಡಿ. ಪ್ರತಿ ಸುತ್ತಿನಲ್ಲಿ ಎರಡು ಬ್ಲೇಡೂ ಒಂದೊಂದು ಸಲ ಅದನ್ನು ದಾಟುತ್ತವೆ, ಎರಡು ಬಡಿತ.

ಅಡ್ಡ 20 ಉಳಿದಿದ್ದರೆ ಒಂದು ಬ್ಲೇಡಿನ ತುದಿಗೆ 0.3 ಗ್ರಾಂ ಟೇಪ್ ಹಾಕಿ ಓಡಿಸಿ, ಅದನ್ನು ತೆಗೆದು ಇನ್ನೊಂದಕ್ಕೆ ಹಾಕಿ ಓಡಿಸಿ. ಯಾವುದರಲ್ಲಿ ಇಳಿಯಿತೋ ಆ ಕಡೆ ಮುಂದುವರಿಯಿರಿ. ಎರಡರಲ್ಲೂ ಏರಿತು ಅಂದರೆ ನೂಲಿನ ಪರೀಕ್ಷೆಗೆ ವಾಪಸ್ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ನಡುಕ ತಡೆಯುವ ಮೌಂಟ್ ಬಗ್ಗೆ ಕೇಳುವವರು ತುಂಬಾ. ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರಿನಲ್ಲೂ ಗೇರ್‌ಬಾಕ್ಸ್ ಮತ್ತು ಒಡಲಿನ ನಡುವೆ ಅಂಥ ವ್ಯವಸ್ಥೆ ಇದೆ. ಅದು ಇರುವುದು ಬ್ಲೇಡ್ ಸಂಖ್ಯೆಯಿಂದಾಗಿ ತಪ್ಪಿಸಲಾಗದೆ ಉಳಿಯುವ ನಡುಕಕ್ಕೆ, ಬ್ಯಾಲೆನ್ಸ್ ಮಾಡದ ಬ್ಲೇಡಿಗೆ ಅಲ್ಲ. ನೀವೂ 20 ಇಳಿದ ಮೇಲೆಯೇ, 40ಕ್ಕೆ ಮಾತ್ರ ಮೌಂಟ್ ಯೋಚಿಸಿ.

## ಹಂತ 9: ಕಂಡ ತಕ್ಷಣ ಕರೆಂಟ್ ಕಡಿಯಬೇಕಾದ ಸೂಚನೆಗಳು

ರೋಟರಿನ ಸದ್ದು ಹಠಾತ್ ಬದಲಾಗಿ ಗುಂಯ್‌ಗುಟ್ಟಿದರೆ, ಪಕ್ಕದಿಂದ ತೆಳುಗೆರೆಯಂತೆ ಕಾಣುತ್ತಿದ್ದ ತುದಿಯ ದಾರಿ ಇದ್ದಕ್ಕಿದ್ದಂತೆ ದಪ್ಪಗಾದರೆ, ಅದು ಫ್ಲಟರ್. ಸ್ಪೀಡ್ ಬದಲಾಯಿಸದೆಯೂ ನಡುಕ ಏರುತ್ತಾ ಹೋದರೆ ಏನೋ ಸಡಿಲವಾಗುತ್ತಿದೆ ಅಥವಾ ಬಿರುಕು ಬಿಡುತ್ತಿದೆ. ನಿಂತ ಮೇಲೆ ಬೋಲ್ಟಿನ ಸುತ್ತ ಕಪ್ಪು ಪುಡಿ ಕಂಡರೆ ಲೋಹ ಲೋಹಕ್ಕೆ ಉಜ್ಜುತ್ತಿದೆ. ನೈಲಾಕ್ ನಟ್ಟನ್ನು (ಒಳಗೆ ನೈಲಾನ್ ಬಳೆ ಇರುವ ನಟ್ಟು) ಬಿಚ್ಚಿದಾಗಲೆಲ್ಲ ಹೊಸದು ಹಾಕಿ, ಪ್ರತಿ ನಟ್ಟಿಗೂ ಮಾರ್ಕರಿನಲ್ಲಿ ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ.

## ಹಂತ 10: ಸ್ಟ್ಯಾಂಡಿನಿಂದ ಗಾಡಿಗೆ

ಸ್ಟ್ಯಾಂಡಿನಲ್ಲಿ ನಯವಾಗಿ ಓಡಿದ ರೋಟರ್ ಕಾಲಿರುವ ಗಾಡಿಗೆ ಹಾಕಿದ ಕೂಡಲೇ ಅದನ್ನು ಪಲ್ಟಿ ಹೊಡೆಸಬಹುದು. ಗ್ರೌಂಡ್ ರೆಸೊನೆನ್ಸ್ ಅಂದರೆ ಇದೇ. ಒಂದೇ ಬೋಲ್ಟಿನಲ್ಲಿ ಕೂತ ಬ್ಲೇಡ್ ಹಿಂದೆ ಮುಂದೆ ಆಡುತ್ತದೆ. ಬೋಲ್ಟ್ ಶಾಫ್ಟಿನಿಂದ 5 ಸೆಂ.ಮೀ. ದೂರದಲ್ಲಿದ್ದರೆ ಆ ಆಟದ ಫ್ರೀಕ್ವೆನ್ಸಿ ರೋಟರ್ ಸ್ಪೀಡಿನ ಸುಮಾರು 37 ಶೇಕಡಾ. ಉಳಿದ 63 ಶೇಕಡಾ ಗಾಡಿ ತನ್ನ ಕಾಲುಗಳ ಮೇಲೆ ಓಲಾಡುವ ಫ್ರೀಕ್ವೆನ್ಸಿಗೆ ಹೊಂದಿಕೊಂಡರೆ ಎರಡೂ ಒಂದನ್ನೊಂದು ಬೆಳೆಸುತ್ತವೆ. ಗಾಡಿ 4 ಹರ್ಟ್ಸಿನಲ್ಲಿ ಓಲಾಡುವುದಾದರೆ ಅಪಾಯ ನಿಮಿಷಕ್ಕೆ 380 ಸುತ್ತಿನ ಆಸುಪಾಸು, ಅಂದರೆ ಇನ್ನೂ ಸ್ಪೀಡ್ ಏರಿಸುತ್ತಿರುವಾಗಲೇ.

ಹಾಗಾಗಿ ಗಾಡಿಯನ್ನೂ ಕಾಲ ಮೇಲೆ ನಿಲ್ಲಿಸಿ ಪಕ್ಕದಿಂದ ತಟ್ಟಿ, ಓಲಾಟ ಅಳೆದು, 0.63ರಿಂದ ಭಾಗಿಸಿ, ಯಾವ ಸ್ಪೀಡಿನಲ್ಲಿ ಎಚ್ಚರ ಬೇಕು ಅಂತ ಮೊದಲೇ ಬರೆದಿಡಿ. ಬ್ಲೇಡ್ ಬೋಲ್ಟ್ ಬಿಗಿ ಹದವಾಗಿರಲಿ. ಗಾಡಿಯನ್ನು ಪಕ್ಕಕ್ಕೆ ಮಲಗಿಸಿದರೆ ಬ್ಲೇಡ್ ತಾನಾಗಿ ಬೀಳಬಾರದು, ಬೆರಳಲ್ಲಿ ತಳ್ಳಿದರೆ ಮಾತ್ರ ಸರಿಯಬೇಕು, ಎರಡಕ್ಕೂ ಒಂದೇ ಬಿಗಿ. ಬೋಲ್ಟೇ ಇಲ್ಲದ, ಹಿಂದೆ ಮುಂದೆ ಆಡದ ಗಟ್ಟಿ ಟೀಟರಿಂಗ್ ಹಬ್ (ಎರಡೂ ಬ್ಲೇಡ್ ಒಂದೇ ತುಂಡಿನಂತೆ ಏತದ ಹಾಗೆ ಮೇಲೆ ಕೆಳಗೆ ಓಲುವ ಹಬ್) ಆದರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ, ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಅದನ್ನೇ.

ಮೊದಲ ಓಟದಲ್ಲಿ ಗಾಡಿಯ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ ನೆಲದ ಗೂಟಕ್ಕೆ ಬಿಗಿಯಿರಿ, ಒಂದು ಗೇಣು ಏಳುವಷ್ಟು ಮಾತ್ರ ಸಡಿಲ ಇರಲಿ. ಗಾಡಿ ವೃತ್ತಾಕಾರವಾಗಿ ಓಲಾಡಲು ಶುರುಮಾಡಿದರೆ ಎರಡನೇ ಓಲಾಟಕ್ಕೆ ಕಾಯದೆ ಕರೆಂಟ್ ಕಡಿಯಿರಿ. ಹಗ್ಗ ಬಿಚ್ಚಿ ಹಾರಿಸುವ ದಿನ ಬಂದಾಗ 2 ಕಿಲೋ ಮೀರಿದ ಗಾಡಿ 2021ರ ಡ್ರೋನ್ ನಿಯಮದಲ್ಲಿ ಸಣ್ಣ ಡ್ರೋನಿನ ವರ್ಗಕ್ಕೆ ಬರುತ್ತದೆ ಎಂಬುದು ಗಮನದಲ್ಲಿರಲಿ. ಬಜ್ಪೆ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ ಇದೆ. ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರೋ ಹಳದಿಯೋ ಕೆಂಪೋ ನೋಡಿ, ಹಸಿರಲ್ಲದಿದ್ದರೆ ಅನುಮತಿ ಸಿಗುವವರೆಗೆ ಹಗ್ಗ ಬಿಚ್ಚಬೇಡಿ.